ಮೇಲಿನಿಂದ ಬರಬೇಕಾದ ಔಷಧಿ

ಅಕ್ಕಯಮ್ಮನ ತಮ್ಮ ಆವುಲಪ್ಪ ಹೇಳದೆ ಕೇಳದೆ ಹುಣಸೆಕಟ್ಟೆಗೆ ಬಂದ ದಿನ ಮನೆಯಲ್ಲಿ ಹುಳು ಹಣ್ಣಾಗಿತ್ತು. ಹಣ್ಣಾದ ರೇಷ್ಮೆಹುಳುಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಹೊತ್ತೆಂದರೆ ಶಿಡ್ಲಘಟ್ಟದ ಸುತ್ತಿನ ಮನೆಗಳಲ್ಲಿ ಊಟದ ನೆನಪೂ ಇರುವುದಿಲ್ಲ. ನೆಂಟರು ಬಂದರೆ ಅವರ ಕೈಗೂ ಒಂದು ತಟ್ಟೆ ಕೊಟ್ಟು ಕೂರಿಸುವುದೇ. ಹೊರಗೆ ಯಾರೋ ಕೆಮ್ಮಿದ್ದು ಕೇಳಿ ಅಕ್ಕಯಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಾಗಿಲಿಗೆ ಬಂದಳು. ತಮ್ಮ ಅಂಗಳದ ಆಚೆ, ಬೇವಿನ ಮರಕ್ಕೆ ಒರಗಿ ನಿಂತಿದ್ದ.

"ಒಳ್ಳೆ ಹೊತ್ತಿಗೇ ಬಂದೆ ಕಣೋ, ಒಂದು ಕೈ ಹೆಚ್ಚಾಯ್ತು. ಬಾ ಒಳಕ್ಕೆ."

"ಇಲ್ಲ ಅಕ್ಕ, ನಾನು ಒಳಕ್ಕೆ ಬರಲ್ಲ. ನೀನೇ ಸ್ವಲ್ಪ ಈಚೆಗೆ ಬಾ."

ಅವನ ಶರ್ಟು ಮೈಮೇಲೆ ಬೇರೆಯವರದ್ದರ ಹಾಗೆ ಜೋಲುತ್ತಿತ್ತು. ಯುಗಾದಿಗೆ ಬಂದಾಗ ಹೀಗಿರಲಿಲ್ಲ. ಅಕ್ಕಯಮ್ಮ ಹತ್ತಿರ ಹೋಗಿ ಹಣೆ ಮುಟ್ಟಲು ಕೈ ಚಾಚಿದರೆ ಹಿಂದಕ್ಕೆ ಸರಿದ.

"ಟಿ.ಬಿ. ಅಂತೆ ಅಕ್ಕ," ಅಂದ. ಮೆಲ್ಲಗೆ ಅಂದ, ಆಮೇಲೆ ಸುತ್ತ ನೋಡಿದ. "ಚಿಂತಾಮಣಿಯ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ನೋಡಿ ಹೇಳಿದ್ರು."

ಆವುಲಪ್ಪ ಎರ್ರಗುಂಟ್ಲಹಳ್ಳಿಯವನು. ಚಿಂತಾಮಣಿ ತಾಲ್ಲೂಕು ಮುಗಿದು ಆಂಧ್ರ ಶುರುವಾಗುವ ಕಡೆಯ ಊರು ಅದು, ಅಕ್ಕಯಮ್ಮನ ತವರೂರು. ಅಲ್ಲಿನ ಡೇರಿಯಲ್ಲಿ ಅವನು ಹಾಲು ಪರೀಕ್ಷಿಸುವ ಟೆಸ್ಟರು. ಬೆಳಿಗ್ಗೆ ಸಂಜೆ ಊರಿನ ಪ್ರತಿ ಮನೆಯ ಹಾಲೂ ಅವನ ಕೈಯಿಂದಲೇ ಕ್ಯಾನಿಗೆ ಬೀಳಬೇಕು. ಯಾರ ಹಸು ಕರು ಹಾಕಿತು, ಯಾರ ಎಮ್ಮೆ ಬತ್ತಿತು, ಯಾರ ಮನೆಗೆ ನೆಂಟರು ಬಂದು ಹಾಲು ಕಮ್ಮಿಯಾಯಿತು ಎಲ್ಲ ಅವನಿಗೆ ಗೊತ್ತು. ಸಾಲಿನಲ್ಲಿ ನಿಂತ ಮುದುಕಿಯರನ್ನು ತೆಲುಗಿನಲ್ಲಿ ರೇಗಿಸುತ್ತಾ ಕೆಲಸ ಮಾಡುವವನು. ಅವನು ರಜೆ ಹಾಕಿದ ದಿನ ಡೇರಿಯಲ್ಲಿ ಮಾತೇ ಇರುವುದಿಲ್ಲ ಅನ್ನುತ್ತಿದ್ದರು.

ಹಿಂದಿನ ವರ್ಷವೇ ಕೆಮ್ಮು ಶುರುವಾಗಿತ್ತಂತೆ. ಪ್ರೈವೇಟು ಡಾಕ್ಟರೊಬ್ಬರು ಮಾತ್ರೆ ಬರೆದುಕೊಟ್ಟಿದ್ದರು. ಕೆಮ್ಮು ನಿಂತಿತು, ಮಾತ್ರೆಯನ್ನೂ ನಿಲ್ಲಿಸಿದ. ಈಗ ಕಫದಲ್ಲಿ ರಕ್ತ. ಸರ್ಕಾರಿ ಆಸ್ಪತ್ರೆಯವರು, ಔಷಧಿ ಪೂರ್ತಿ ಪುಕ್ಕಟೆ, ಎಂಟು ತಿಂಗಳು, ನಿಮ್ಮೂರಿನ ಅಂಗನವಾಡಿಗೇ ಡಬ್ಬ ಕಳಿಸುತ್ತೇವೆ, ಅಲ್ಲಿ ಹೋಗಿ ಟೀಚರ ಎದುರಿಗೆ ನುಂಗಬೇಕು ಅಂದರಂತೆ.

"ನುಂಗೋದಕ್ಕೆ ಏನೋ ನಿನಗೆ?"

"ಅಂಗನವಾಡಿ ಇರೋದು ಡೇರಿ ಪಕ್ಕದಲ್ಲೇ ಅಕ್ಕ. ಹಾಲು ಹಾಕೋಕೆ ನಿಂತಿರೋರೆಲ್ಲಾ ನೋಡ್ತಾರೆ. ಟಿ.ಬಿ. ಇರೋನ ಕೈಗೆ ಹಾಲು ಕೊಡ್ತಾರಾ ಯಾರಾದ್ರೂ? ಪಕ್ಕದೂರಿನ ಡೇರಿಗೆ ಹೊತ್ಕೊಂಡು ಹೋಗ್ತಾರೆ. ನನ್ನ ಕೆಲಸ ಅಷ್ಟೇ ಆಮೇಲೆ."

"ಮುನಿಲಕ್ಷ್ಮಿ ಏನಂತಾಳೆ?"

ಅವನು ಹೆಂಡತಿಗೂ ಹೇಳಿರಲಿಲ್ಲ. ಮುನಿಲಕ್ಷ್ಮಿಯ ತವರು ಅದೇ ಊರು, ಹಿಂದಿನ ಬೀದಿ. ಅವಳಿಗೆ ಹೇಳಿದರೆ ಸಂಜೆಯೊಳಗೆ ಅತ್ತೆಗೆ, ಅತ್ತೆಯಿಂದ ಊರಿಗೆ. ಅದಕ್ಕೇ ಆಸ್ಪತ್ರೆಯಲ್ಲಿ, ನಾನಿರುವುದು ಹುಣಸೆಕಟ್ಟೆಯಲ್ಲಿ ಅಕ್ಕನ ಮನೆಯಲ್ಲಿ ಅಂತ ಹೇಳಿ ಬಂದಿದ್ದ. ಅವನ ಹೆಸರನ್ನು ಶಿಡ್ಲಘಟ್ಟದ ಕಡೆಗೆ ಕಳಿಸಿಕೊಟ್ಟಿದ್ದರು.

"ಡೇರಿಯೋರಿಗೆ, ಮನೆಯೋರಿಗೆ ಬೆಂಗಳೂರಲ್ಲಿ ಟ್ರೈನಿಂಗ್ ಅಂತ ಹೇಳಿದೀನಿ. ಎರಡು ಮೂರು ತಿಂಗಳು ಇಲ್ಲೇ ಇರ್ತೀನಿ ಅಕ್ಕ. ಇಂಜೆಕ್ಷನ್ ಮುಗಿಯೋ ತನಕ."

ತಾಯಿ ಸತ್ತಾಗ ಇವನಿಗೆ ಇನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಇವನನ್ನು ಬಿಟ್ಟು ಗಂಡನ ಮನೆಗೆ ಬರಲಾರದೆ ಅಕ್ಕಯಮ್ಮ ಮದುವೆಯ ದಿನ ಎಷ್ಟು ಅತ್ತಿದ್ದಳೆಂದರೆ ಬೀಗರು ಹುಡುಗಿಗೆ ಒಪ್ಪಿಗೆ ಇಲ್ಲವೇನೋ ಅಂದುಕೊಂಡಿದ್ದರು. ಈಗ ಅವನನ್ನು ಮರದ ಕೆಳಗೆ ನಿಲ್ಲಿಸಿಕೊಂಡು ಆಗಲ್ಲ ಅನ್ನುವುದು ಅವಳ ಕೈಲಿ ಆಗುವ ಮಾತಾಗಿರಲಿಲ್ಲ. ಒಳಗೆ ಹುಳು ಆರಿಸುತ್ತಿದ್ದ ಗಂಡ ಮುನಿಶಾಮಪ್ಪ ವಿಷಯ ಕೇಳಿ ತಟ್ಟೆಯನ್ನು ಬದಿಗಿಟ್ಟು ಎದ್ದು ಬಂದ.

"ಇರ್ಲಿ, ಅದಕ್ಕೇನು. ಆದ್ರೆ ಹೆಂಡ್ತಿಗೆ ಹೇಳ್ದೆ ಇರೋದು ಸರಿ ಇಲ್ಲ. ಸುಳ್ಳು ವಿಳಾಸ ಕೊಟ್ಟಿರೋದೂ ಸರಿ ಇಲ್ಲ," ಅಂದ. ಅಂದು, ಹಿತ್ತಿಲ ಪಡಸಾಲೆಯಲ್ಲಿ ಬಾಮೈದನಿಗೆ ಮಂಚ ಹಾಕಿಕೊಟ್ಟ.

ಮೂರ್ನಾಲ್ಕು ದಿನಕ್ಕೆ ಮೋಟಾರುಬೈಕಿನಲ್ಲಿ ಒಬ್ಬ ಬಂದ. ಗಂಗಾಧರ್ ಅಂತ, ಟಿ.ಬಿ. ವಿಭಾಗದವನು; ಗೌರಿಬಿದನೂರಿನ ಕಡೆ, ವಿದುರಾಶ್ವತ್ಥದ ಹತ್ತಿರದ ಹಳ್ಳಿಯ ಹುಡುಗ. ತಾಲ್ಲೂಕಿನಲ್ಲಿ ಯಾರು ಯಾರು ಈ ಮಾತ್ರೆ ನುಂಗುತ್ತಾರೋ ಅವರ ಮನೆ ಮನೆ ಸುತ್ತುವುದು ಅವನ ಕೆಲಸ. ರೋಗಿ ನಿಜವಾಗಿ ಇಲ್ಲೇ ಇರುತ್ತಾನೆಯೇ ಎಂದು ಕಣ್ಣಾರೆ ನೋಡಿದ ಮೇಲೇ ಔಷಧಿ. ಮಂಚ ನೋಡಿದ, ಆವುಲಪ್ಪನನ್ನು ನೋಡಿದ, ಅಕ್ಕಯಮ್ಮ ಕೊಟ್ಟ ಕಾಫಿ ಕುಡಿದ. ಮಾರನೆಯ ವಾರ ಹುಣಸೆಕಟ್ಟೆಯ ಅಂಗನವಾಡಿಗೆ ಆವುಲಪ್ಪನ ಹೆಸರು ಬರೆದ ನೀಲಿ ಡಬ್ಬ ಬಂತು. ಪೂರ್ತಿ ಎಂಟು ತಿಂಗಳ ಮಾತ್ರೆ ಅದರಲ್ಲೇ. ಒಬ್ಬ ರೋಗಿಗೆ ಒಂದು ಡಬ್ಬ, ಅದು ಬೇರೆ ಯಾರಿಗೂ ಇಲ್ಲ. ಸರ್ಕಾರ ಅನ್ನುವುದು ತನ್ನ ತಮ್ಮನ ಹೆಸರನ್ನು ಬರೆದು ಒಂದು ಡಬ್ಬ ತೆಗೆದಿಟ್ಟಿದೆ ಅನ್ನುವುದೇ ಅಕ್ಕಯಮ್ಮನಿಗೆ ಸೋಜಿಗವಾಗಿತ್ತು. ಕೂಪನ್ನಿನ ಸೀಮೆಎಣ್ಣೆ ಬಿಟ್ಟರೆ ಸರ್ಕಾರದಿಂದ ಹೆಸರು ಹಿಡಿದು ಏನೂ ಬಂದದ್ದನ್ನು ಅವಳು ಕಂಡಿರಲಿಲ್ಲ.

ಆ ತಿಂಗಳುಗಳು ಚೆನ್ನಾಗಿದ್ದವು. ದಿನ ಬಿಟ್ಟು ದಿನ ಬೆಳಿಗ್ಗೆ ಆವುಲಪ್ಪ ಅಂಗನವಾಡಿಗೆ ಹೋಗುವನು. ಟೀಚರು ಆಂಜಿನಮ್ಮ ಒಂದು ಹಿಡಿ ಮಾತ್ರೆ ಕೊಟ್ಟು, ನೀರಿನ ಲೋಟ ಕೊಟ್ಟು, ನುಂಗುವವರೆಗೂ ನೋಡುತ್ತ ನಿಲ್ಲುವಳು. ಸೂಜಿ ಹಾಕಲು ಉಪಕೇಂದ್ರದ ಸಿಸ್ಟರು ಬರುವಳು. ಮೊದಮೊದಲು ಹೊಟ್ಟೆ ತೊಳಸಿ ಹಿತ್ತಿಲಲ್ಲಿ ಕೂತು ವಾಂತಿ ಮಾಡುತ್ತಿದ್ದ. ಮಾತ್ರೆಯ ಬಣ್ಣಕ್ಕೆ ಉಚ್ಚೆ ಕೆಂಪಗೆ ಹೋಗುವುದು ನೋಡಿ ಹೆದರಿ ಭಾವನನ್ನು ಕರೆದು ತೋರಿಸಿದ. ಆಮೇಲೆ ಹಸಿವು ಬಂತು. ಅಕ್ಕ ಇಟ್ಟ ಮುದ್ದೆ, ಅವರೆಕಾಳಿನ ಸಾರು ಎರಡನೇ ಸಲವೂ ಬಡಿಸಿಕೊಂಡು ತಿನ್ನತೊಡಗಿದ. ತೋಟಕ್ಕೆ ಹೋಗಿ ಸೊಪ್ಪು ಕೊಯ್ದು ತಂದ. ಇಪ್ಪತ್ತು ವರ್ಷದ ಮೇಲೆ ಅಕ್ಕ ತಮ್ಮ ಒಂದೇ ಸೂರಿನಡಿ ಇದ್ದರು. ಮಧ್ಯಾಹ್ನ ಪಡಸಾಲೆಯಲ್ಲಿ ಕೂತು ಸತ್ತವರ ಕಥೆ, ಇದ್ದವರ ಕಥೆ ಮಾತಾಡುವರು. ಅವನ ಪುಟ್ಟ ಮಗಳು ಯಾಮಿನಿಯ ಸುದ್ದಿ ಬಂದರೆ ಮಾತ್ರ ಅವನು ಮೆತ್ತಗಾಗುತ್ತಿದ್ದ.

"ನನ್ನ ಎದೆ ಮೇಲೆ ಮಲಗಿದ್ರೇನೇ ಅದಕ್ಕೆ ನಿದ್ದೆ ಅಕ್ಕ. ಈಗ ಹೇಗೆ ಮಲಗ್ತಾಳೋ."

ಆ ಮಾತು ಕೇಳಿ ಅಕ್ಕಯಮ್ಮ ನಕ್ಕಿದ್ದಳು. ಅದರಲ್ಲಿ ಹೆದರಬೇಕಾದದ್ದು ಏನಿದೆ ಅನ್ನುವುದು ಆಗ ಅವಳಿಗೆ ಹೊಳೆಯಲಿಲ್ಲ.

ಸೂಜಿ ಮುಗಿದ ಮೇಲೆ ಮತ್ತೆ ಕಫ ನೋಡಿದರು. ರೋಗದ ಗುರುತಿರಲಿಲ್ಲ. ಇನ್ನು ಮೇಲೆ ವಾರಕ್ಕೊಂದು ಸಲ ಬಂದು ಮೊದಲ ದಿನದ ಮಾತ್ರೆಯನ್ನು ಎದುರಿಗೆ ನುಂಗಿ, ಉಳಿದವನ್ನು ಮನೆಗೆ ಒಯ್ಯಬಹುದು ಅಂದರು. ಆವುಲಪ್ಪ ಹಬ್ಬಕ್ಕೆ ಹೊರಟವನ ಹಾಗೆ ಊರಿಗೆ ಹೊರಟ.

ಕೆಲವು ವಾರ ತಪ್ಪದೆ ಬಂದ. ಎರ್ರಗುಂಟ್ಲಹಳ್ಳಿಯಿಂದ ಚಿಂತಾಮಣಿಗೆ ಒಂದು ಬಸ್ಸು, ಅಲ್ಲಿಂದ ಶಿಡ್ಲಘಟ್ಟಕ್ಕೆ ಇನ್ನೊಂದು, ಶಿಡ್ಲಘಟ್ಟದಿಂದ ಆಟೋ. ಬೆಳಗಿನ ಹಾಲು ಮುಗಿಸಿ ಹೊರಟರೆ ಸಂಜೆಯ ಹಾಲಿಗೆ ತಲುಪುವುದೇ ಕಷ್ಟ. ಒಂದು ವಾರ ಬರಲಿಲ್ಲ. ಮತ್ತೊಂದು ವಾರ ಬಂದ, ಆಮೇಲೆ ಇಲ್ಲ. ಗಂಗಾಧರನ ಬೈಕು ಬಾಗಿಲಿಗೆ ಬಂತು.

"ಎಲ್ಲಮ್ಮ ನಿಮ್ಮ ತಮ್ಮ?"

"ತೋಟಕ್ಕೆ ಹೋಗಿದಾನೆ ಸಾರ್. ಬರೋದು ಹೊತ್ತಾಗುತ್ತೆ." ಗಂಗಾಧರ್ ಜಗುಲಿಯ ಮೇಲೆ ಕೂತು ಕಾದ. ಕಾದು ಕಾದು, ನಾಳೆ ತಪ್ಪದೆ ಕಳಿಸಿ ಎಂದು ಹೇಳಿ ಹೋದ.

ಅಂದೇ ಅಕ್ಕಯಮ್ಮ ಅಂಗನವಾಡಿಗೆ ಹೋಗಿ ಆಂಜಿನಮ್ಮನ ಹತ್ತಿರ ಮಾತ್ರೆ ಕೇಳಿದಳು. ತಾನೇ ಬಸ್ಸಿನಲ್ಲಿ ಹೋಗಿ ಕೊಟ್ಟು ಬರುವುದೆಂದು ಅವಳ ಲೆಕ್ಕ.

"ಆಗಲ್ಲ ಅಕ್ಕ. ನನ್ನ ಕಣ್ಣೆದುರಿಗೆ ನುಂಗ್ಬೇಕು. ರೂಲು ಹಂಗೇ ಇರೋದು."

"ನನ್ನ ತಮ್ಮ ಏನ್ ಕಳ್ಳನಾ? ಅವನ ಹೆಸರಿನ ಡಬ್ಬ, ಅವನ ಮಾತ್ರೆ. ಅವನಿಗೆ ತಗೊಂಡು ಹೋಗೋಕೆ ನಿಂದೇನು ಅಡ್ಡಿ?"

"ನಾನು ಅಡ್ಡಿ ಮಾಡ್ತಿಲ್ಲ ಕಣಕ್ಕ. ನನಗೂ ಮೇಲಿನವರಿದಾರೆ."

ಮಾತು ಬೆಳೆಯಿತು. ಮಕ್ಕಳು ಉಪ್ಪಿಟ್ಟು ತಿನ್ನುವುದು ಬಿಟ್ಟು ನೋಡತೊಡಗಿದವು. ಊರಿನವಳೇ, ದಿನಾ ಮುಖ ನೋಡಬೇಕಾದವಳೇ; ಕೊನೆಗೆ ಆಂಜಿನಮ್ಮ ಮುಖ ಊದಿಸಿಕೊಂಡು ಆ ವಾರದ ಮಾತ್ರೆಯ ಹಾಳೆಯನ್ನು ಕೈಗಿಟ್ಟಳು. ಅಲ್ಲಿಂದ ಪ್ರತಿ ವಾರ ಅಕ್ಕಯಮ್ಮನೇ ಒಯ್ದಳು. ಡೇರಿಯ ಹಿಂದಿನ ಹುಣಸೆಮರದ ಹತ್ತಿರ ತಮ್ಮ ಬಂದು ಇಸಿದುಕೊಳ್ಳುವನು.

"ನನ್ನ ಎದುರಿಗೆ ಒಂದು ಸಲ ನುಂಗೋ."

"ನುಂಗ್ತೀನಿ ಬಿಡಕ್ಕ, ಊಟ ಮಾಡ್ಬೇಕು ಮೊದಲು. ಏಮೀ ಕಾದು. ಏನೂ ಆಗಲ್ಲ ನನಗೆ, ನೋಡು ಹೇಗಿದೀನಿ."

ನಿಜವಾಗಿಯೂ ಕೆನ್ನೆ ತುಂಬಿಕೊಂಡಿದ್ದ. ಅವಳು ನಂಬಿ ಬಸ್ಸು ಹತ್ತುವಳು. ಅವನಾದರೋ ಒಂದು ದಿನ ನುಂಗುವನು, ಹೊಟ್ಟೆ ಉರಿಯುತ್ತದೆಂದು ಎರಡು ದಿನ ಬಿಡುವನು, ಉಚ್ಚೆಯ ಬಣ್ಣ ಹೆಂಡತಿಯ ಕಣ್ಣಿಗೆ ಬಿದ್ದೀತೆಂದು ಇನ್ನೊಂದು ವಾರ ಪೂರ್ತಿ ಬಿಡುವನು. ಇದೆಲ್ಲ ಅಕ್ಕಯಮ್ಮನಿಗೆ ತಿಳಿದದ್ದು ಆಮೇಲೆ, ಅವನೇ ಹೇಳಿದಾಗ.

ಎಂಟು ತಿಂಗಳು ಮುಗಿದು ಕೊನೆಯ ಕಫ ಪರೀಕ್ಷೆಗೆ ಬಂದಾಗ ಅವನು ಮತ್ತೆ ಕೆಮ್ಮುತ್ತಿದ್ದ. ಪರೀಕ್ಷೆಯಲ್ಲಿ ರೋಗ ಇತ್ತು. ಮೊದಲಿಗಿಂತ ಹೆಚ್ಚಿತ್ತು.

ಗಂಗಾಧರ್ ಬೈಕು ನಿಲ್ಲಿಸಿ ನೇರ ಅಕ್ಕಯಮ್ಮನ ಎದುರಿಗೆ ಬಂದು ಕೂತ. ಈ ಸಲ ಕಾಫಿ ಬೇಡವೆಂದ.

"ನಿಜ ಹೇಳಿ ಅಮ್ಮ. ಇಲ್ಲಿ ಅವರು ಇದ್ರಾ?"

ಅಕ್ಕಯಮ್ಮ ಎಲ್ಲವನ್ನೂ ಹೇಳಿಬಿಟ್ಟಳು. ಅವನು ಬೈಯುತ್ತಾನೆಂದು ಕಾದಳು. ಅವನು ಬೈಯಲಿಲ್ಲ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ.

"ಈ ರೋಗದ ಹುಳ ಇದೆಯಲ್ಲಮ್ಮ, ಅದನ್ನ ಒಂದೇ ಸಮ ಹೊಡೀಬೇಕು. ಅರ್ಧ ಹೊಡೆದು ಬಿಟ್ರೆ ಉಳಿದಿರೋದು ಮಾತ್ರೇನ ತಡ್ಕೊಳ್ಳೋದು ಕಲ್ತುಬಿಡುತ್ತೆ. ಆಮೇಲೆ ಅದೇ ಮಾತ್ರೆ ಎಷ್ಟು ಕೊಟ್ರೂ ಬಗ್ಗಲ್ಲ. ಅದಕ್ಕೇ ಎದುರಿಗೆ ನುಂಗು ಅನ್ನೋದು. ಯಾರನ್ನೂ ಕಳ್ಳ ಅಂತಲ್ಲ."

"ಇದನ್ನ ಮೊದಲೇ ಹೇಳಿದ್ರೆ ನಾನೇ ಅವನ ಬಾಯಿ ತೆಗೆಸಿ ಹಾಕ್ತಿದ್ದೆನಲ್ಲ ಸಾರ್!"

"ಎದುರಿಗೆ ನುಂಗ್ಬೇಕು ಅಂತ ಹೇಳಿದ್ವಿ. ಯಾಕೆ ಅಂತ ಹೇಳ್ಲಿಲ್ಲ ಅಂತ ಕಾಣುತ್ತೆ," ಅಂದ.

ಇನ್ನು ಮುಚ್ಚಿಡುವ ಹಾಗಿರಲಿಲ್ಲ. ಮನೆಯಲ್ಲಿರುವವರನ್ನೆಲ್ಲ, ಅದರಲ್ಲೂ ಚಿಕ್ಕ ಮಗುವನ್ನು, ಪರೀಕ್ಷೆ ಮಾಡಿಸಲೇಬೇಕು ಅಂದ ಗಂಗಾಧರ್. ಸರ್ಕಾರಿ ಬೈಕು ಮನೆಯ ಮುಂದೆ ನಿಲ್ಲುವ ಮುಂಚೆ ತಾನೇ ಹೇಳುವುದೆಂದು ಅಕ್ಕಯಮ್ಮ ತವರಿಗೆ ಹೋದಳು. ಮುನಿಲಕ್ಷ್ಮಿ ಹಸುವಿಗೆ ಬೂಸ ಕಲಸುತ್ತಿದ್ದಳು. ಕೇಳುತ್ತ ಕೇಳುತ್ತ ಅವಳ ಕೈ ಬಕೆಟ್ಟಿನಲ್ಲೇ ನಿಂತಿತು.

"ಟ್ರೈನಿಂಗ್ ಅಂತ ಹೋದಾಗ?"

"ನಮ್ಮನೇಲೇ ಇದ್ದ."

"ನೀವು ಬಸ್ಸಿಳಿದು ಡೇರಿ ಹಿಂದೆ ಬಂದು ಹೋಗ್ತೀರಾ, ಮನೆಗೆ ಬರಲ್ಲ ಅಂತ ಅಮ್ಮ ಹೇಳ್ತಿದ್ಲು. ಏನೋ ಅಕ್ಕ ತಮ್ಮಂದು, ಆಸ್ತಿ ವಿಷಯ ಇರ್ಬೇಕು ಅಂದ್ಕೊಂಡಿದ್ದೆ." ಮುನಿಲಕ್ಷ್ಮಿ ಎದ್ದು ನಿಂತಳು. "ನನ್ನ ಮಗು ಅವರ ಎದೆ ಮೇಲೆ ಮಲಗುತ್ತೆ ಅತ್ತಿಗೆ. ದಿನಾ ಮಲಗುತ್ತೆ. ನಿಮಗೆ ಗೊತ್ತಿತ್ತು."

"ಗೊತ್ತಿತ್ತಮ್ಮ."

"ಒಂದು ಮಾತು ಹೇಳಿದ್ರೆ ನಾನೇ ಮಾತ್ರೆ ಕೊಡ್ತಿದ್ದೆ. ನಾನೇನು ಬಿಟ್ಟು ಓಡಿ ಹೋಗ್ತಿದ್ನಾ? ಅಷ್ಟೇನಾ ನೀವೆಲ್ಲ ನನ್ನ ತಿಳ್ಕೊಂಡಿರೋದು?"

ಅವಳು ಅಳಲಿಲ್ಲ. ಒಳಗೆ ಹೋಗಿ ಯಾಮಿನಿಯನ್ನು ಎತ್ತಿಕೊಂಡು ಹೊರಗೆ ಬಂದಳು, ಎಲ್ಲಿಗೆ ಹೋಗಬೇಕೆಂದು ತೋಚದೆ ಅಂಗಳದ ನಡುವೆ ನಿಂತಳು. ಆವುಲಪ್ಪ ಡೇರಿಯಿಂದ ಬಂದವನು ಬೇಲಿಯಾಚೆಯೇ ನಿಂತುಬಿಟ್ಟ. ಅಂದಿನಿಂದ ಮುನಿಲಕ್ಷ್ಮಿ ಗಂಡನ ಜತೆ ಮಾತಾಡಿದಳು, ಅವನಿಗೆ ಬಡಿಸಿದಳು, ಅವನ ಬಟ್ಟೆಯನ್ನು ಕುದಿಸಿ ಒಗೆದಳು. ಅಕ್ಕಯಮ್ಮನ ಜತೆ ಮಾತ್ರ ಮಾತು ಬಿಟ್ಟಳು.

ಪರೀಕ್ಷೆಯಲ್ಲಿ ಮುನಿಲಕ್ಷ್ಮಿಗೂ ಮಗುವಿಗೂ ರೋಗ ಕಾಣಲಿಲ್ಲ. ಊರಿಗೆ ಗೊತ್ತಾದದ್ದೂ ಆಯಿತು. ಮಂದಿ ಹಾಲು ಹಾಕುವುದನ್ನು ಬಿಡಲಿಲ್ಲ. ಡೇರಿಯವರು, ಹುಷಾರಾಗೋವರೆಗೂ ಮನೇಲಿರಪ್ಪ ಎಂದು ಬೇರೊಬ್ಬನನ್ನು ಕೂರಿಸಿದರು ಅಷ್ಟೇ. ಇಬ್ಬರು ಮುದುಕಿಯರು ಮನೆಯವರೆಗೂ ಬಂದು ಜಗುಲಿಯಾಚೆ ನಿಂತು ಮಾತಾಡಿಸಿ ಹೋದರು. ಅವನು ಯಾವುದಕ್ಕೆ ಹೆದರಿ ಇಷ್ಟೆಲ್ಲ ಮಾಡಿದ್ದನೋ ಅದು ಇಷ್ಟೇ ಆಗಿತ್ತು.

ಕಫವನ್ನು ಬೆಂಗಳೂರಿಗೆ ಕಳಿಸಿದ್ದರು. ಯಾವ ಔಷಧಿಗೆ ಬಗ್ಗುತ್ತದೆ, ಯಾವುದಕ್ಕೆ ಬಗ್ಗುವುದಿಲ್ಲ ಎಂದು ಅಲ್ಲಿ ಬೆಳೆಸಿ ನೋಡಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಅಂದರು. ಗಂಗಾಧರ್ ಸುದ್ದಿ ತರುವಷ್ಟರಲ್ಲಿ ಮಳೆಗಾಲ ಕಳೆದು ಅವರೆಕಾಯಿ ಬಂದಿತ್ತು. ಚಿಕ್ಕಬಳ್ಳಾಪುರಕ್ಕೆ ಬರಬೇಕಂತೆ. ಅದು ಬೇರೆ ಜಿಲ್ಲೆಯಾಗಿ ಇನ್ನೂ ಬಹಳ ದಿನವಾಗಿರಲಿಲ್ಲ. ಮೊದಲಾದರೆ ಇಂಥದ್ದಕ್ಕೆಲ್ಲ ಕೋಲಾರಕ್ಕೆ ಹೋಗಬೇಕಿತ್ತು. ಅಕ್ಕಯಮ್ಮ, ಆವುಲಪ್ಪ ಇಬ್ಬರೇ ಹೋದರು. ಕಿಟಕಿಯಲ್ಲಿ ನಂದಿಯ ಬೆಟ್ಟಸಾಲು ಮಂಜಿನಲ್ಲಿ ಕಾಣುತ್ತಿತ್ತು. ಆವುಲಪ್ಪ ಬಾಯಿಗೆ ಟವೆಲ್ಲು ಒತ್ತಿಕೊಂಡು ದಾರಿಯುದ್ದಕ್ಕೂ ಕಣ್ಣು ಮುಚ್ಚಿಯೇ ಇದ್ದ.

ಜಿಲ್ಲೆಯ ಡಾಕ್ಟರು ನಡುವಯಸ್ಸಿನ ಹೆಂಗಸು. ಆವುಲಪ್ಪನನ್ನು ಹೊರಗಿನ ಬೆಂಚಿನ ಮೇಲೆ ಗಾಳಿಗೆ ಕೂರಿಸಿ ಬಂದು ಅಕ್ಕಯಮ್ಮನಿಗೆ ಕುರ್ಚಿ ತೋರಿಸಿದರು. ಮುಖ್ಯವಾದ ಎರಡು ಮಾತ್ರೆಗಳೂ ಇವನಿಗೆ ಇನ್ನು ನಾಟುವುದಿಲ್ಲ ಎಂದರು.

"ಬೇರೆ ಔಷಧಿ ಇಲ್ವಾ ಅಮ್ಮ?"

"ಇದೆ."

"ಮತ್ತೆ ಕೊಡಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸರ್ಕಾರದ ಕಾರ್ಯಕ್ರಮದಲ್ಲಿ ಆ ಔಷಧಿ ಇನ್ನೂ ನಮ್ಮ ರಾಜ್ಯಕ್ಕೆ ಬಂದಿಲ್ಲಮ್ಮ. ಬೇರೆ ಒಂದೆರಡು ರಾಜ್ಯದಲ್ಲಿ ಶುರು ಮಾಡಿದಾರೆ. ಇಲ್ಲಿಗೂ ಬರುತ್ತೆ. ಮೇಲಿಂದ ಬರ್ಬೇಕು."

ಅಕ್ಕಯಮ್ಮನಿಗೆ ಆಂಜಿನಮ್ಮ, ನನಗೂ ಮೇಲಿನವರಿದಾರೆ ಅಂದದ್ದು ನೆನಪಾಯಿತು. ಅವಳ ಮೇಲೆ ಗಂಗಾಧರ್, ಅವನ ಮೇಲೆ ಈಯಮ್ಮ.

"ಮೇಲೆ ಅಂದ್ರೆ ಎಲ್ಲಿ? ಬೆಂಗಳೂರಾ? ಹೇಳಿ, ನಾನೇ ಹೋಗಿ ಕೇಳ್ತೀನಿ. ಕಾಲು ಹಿಡೀತೀನಿ."

"ಬೆಂಗಳೂರಿನವರಿಗೆ ಡೆಲ್ಲಿಯಿಂದ ಬರ್ಬೇಕು. ಡೆಲ್ಲಿಯವರು ಸುಮ್ಮನೆ ಕಳಿಸೋ ಹಾಗಿಲ್ಲ. ಮೊದಲು ನಮ್ಮ ರಾಜ್ಯದ ಲ್ಯಾಬು ಸರಿಯಾಗಿ ಪರೀಕ್ಷೆ ಮಾಡುತ್ತೆ ಅಂತ ಸಾಬೀತಾಗ್ಬೇಕು. ಮೊದಲ ತಿಂಗಳು ರೋಗಿಗಳನ್ನ ಇಟ್ಕೊಳ್ಳೋಕೆ ವಾರ್ಡು ಬೇಕು, ಸ್ಟಾಫಿಗೆ ಟ್ರೈನಿಂಗ್ ಆಗ್ಬೇಕು. ಆ ಔಷಧೀನೂ ಅರ್ಧಂಬರ್ಧ ಕೊಟ್ಟು ಹಾಳಾದ್ರೆ ಆಮೇಲೆ ಯಾರಿಗೂ ಏನೂ ಉಳಿಯಲ್ಲ ಅಂತ ಅವರ ಭಯ. ಆ ಭಯ ಸುಳ್ಳಲ್ಲಮ್ಮ."

"ಅಲ್ಲೀವರೆಗೆ?"

ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. ಅಕ್ಕಯಮ್ಮ ಅವರ ಮುಖವನ್ನೇ ನೋಡಿದಳು. ಸಿಟ್ಟು ಮಾಡಿಕೊಳ್ಳಲು ಅಲ್ಲಿ ಏನಾದರೂ ಸಿಕ್ಕಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಆಂಜಿನಮ್ಮ ಇಲ್ಲವೆಂದಾಗ ಜಗಳವಾಡಬಹುದಿತ್ತು, ಊರಿನವಳು. ಇಲ್ಲಿ ಯಾರೂ ಇಲ್ಲ ಅನ್ನುತ್ತಿರಲಿಲ್ಲ. ಎಲ್ಲರೂ ಬರುತ್ತದೆ ಅನ್ನುತ್ತಿದ್ದರು. ಹುಣಸೆಕಟ್ಟೆಯ ಅಂಗನವಾಡಿಯಿಂದ ಡೆಲ್ಲಿಯವರೆಗೆ ಒಂದರ ಮೇಲೊಂದು ಮೆಟ್ಟಿಲಿದೆ, ಒಂದೊಂದು ಮೆಟ್ಟಿಲಲ್ಲೂ ಯಾರೋ ಒಬ್ಬರು ಕೂತು ತಮ್ಮ ಕೆಲಸ ಮಾಡುತ್ತಿದ್ದಾರೆ, ಆ ಡಬ್ಬ ಅಷ್ಟನ್ನೂ ಇಳಿದು ಬಂದು ತನ್ನ ತಮ್ಮನ ಹೆಸರು ಬರೆಸಿಕೊಂಡಿತ್ತು ಅನ್ನುವುದು ಅವಳಿಗೆ ಈಗ ಅರ್ಥವಾಯಿತು. ಅಂಥ ಡಬ್ಬವನ್ನು ತಾವು ಹುಣಸೆಮರದ ಹಿಂದೆ ಕದ್ದು ಹಂಚಿಕೊಂಡಿದ್ದರು. ಇನ್ನೊಂದು ಡಬ್ಬ ಅದೇ ಮೆಟ್ಟಿಲು ಇಳಿಯುತ್ತಿದೆ. ತಮ್ಮನ ಉಸಿರು ಅಲ್ಲಿಯವರೆಗೆ ಕಾಯುವುದಿಲ್ಲ.

ಬೆಂಚಿನ ಹತ್ತಿರ ಬಂದಾಗ ಆವುಲಪ್ಪ, "ಏನಂದ್ರು?" ಎಂದು ಕೇಳಿದ.

"ಬೇರೆ ಔಷಧಿ ಇದೆಯಂತೆ ಕಣೋ."

"ಕೊಟ್ರಾ?"

"ಬರ್ಬೇಕಂತೆ."

ಅವನು ಅಕ್ಕನ ಮುಖ ನೋಡಿದ. ಹಾಲಿಗೆ ನೀರು ಬೆರೆಸಿ ತಂದವರ ಮುಖ ನೋಡಿ ನೋಡಿ ಅಭ್ಯಾಸವಾಗಿದ್ದವನು. ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ಎದ್ದ.

ಸುಮ್ಮನೆ ಕೂರಲಿಲ್ಲ ಅವರು. ಮುನಿಶಾಮಪ್ಪ ಆ ಸಲ ರೇಷ್ಮೆಗೂಡು ಮಾರಿ ಬಂದವನು ದುಡ್ಡನ್ನು ಹೆಂಡತಿಯ ಕೈಗಿಟ್ಟು, "ಬೆಂಗಳೂರಿಗೆ ಕರ್ಕೊಂಡು ಹೋಗಿ ಆ ಔಷಧಿ ಹೊರಗಡೆ ಕೊಡಿಸು," ಅಂದ. ಮುನಿಲಕ್ಷ್ಮಿ ಹಸು ಮಾರಿ ದುಡ್ಡು ಕೊಟ್ಟಳು. ಹೊರಗೆ ಸಿಗುವ ಔಷಧಿಯನ್ನು ಎರಡು ವರ್ಷ ಬಿಡದೆ ತೆಗೆದುಕೊಳ್ಳಬೇಕಿತ್ತು, ದಿನಾ ಸೂಜಿ. ಈ ಸಲ ಒಂದು ದಿನವೂ ತಪ್ಪಲಿಲ್ಲ. ಮುನಿಲಕ್ಷ್ಮಿಯೇ ಎದುರಿಗೆ ನಿಂತು ನುಂಗಿಸುವಳು, ನುಂಗಿದ ಮೇಲೆ ಬಾಯಿ ತೆಗೆಸಿ ನೋಡುವಳು. ಆವುಲಪ್ಪ ಹುಡುಗರ ಹಾಗೆ ಆ ಎಂದು ಬಾಯಿ ತೆರೆಯುವನು.

ಕೆಲವು ವಾರಕ್ಕೆ ಅವನ ಕಿವಿ ಮಂದವಾಯಿತು. ಸೂಜಿಯಿಂದ ಹಾಗಾಗುತ್ತದಂತೆ. ಮೊದಲು ದೂರದ ಮಾತು ಕೇಳಿಸಲಿಲ್ಲ, ಆಮೇಲೆ ಹತ್ತಿರದ್ದೂ. ಯಾಮಿನಿಯನ್ನು ಅವನ ಪಕ್ಕಕ್ಕೆ ಬಿಡುತ್ತಿರಲಿಲ್ಲ. ಅವಳು ಹೊಸಿಲಿನಲ್ಲಿ ನಿಂತು ಶಾಲೆಯಲ್ಲಿ ಕಲಿತ ಪದ್ಯ ಹೇಳುವಳು. ಅವನು ಅವಳ ತುಟಿಯನ್ನು ನೋಡುತ್ತ, ಮುಗಿಯಿತೆಂದು ತೋರಿದಾಗ ಚಪ್ಪಾಳೆ ತಟ್ಟುವನು. ಕೆಲವು ಸಲ ಪದ್ಯದ ನಡುವೆಯೇ ತಟ್ಟಿಬಿಡುವನು. ಮಗು, "ಇನ್ನೂ ಇದೆಯಪ್ಪಾ!" ಎಂದು ಕಿರುಚುವಳು.

ಆ ಔಷಧಿ ಶುರುವಾಗುವಷ್ಟರಲ್ಲೇ ಅವನ ಎದೆ ಬಹಳ ಹಾಳಾಗಿಹೋಗಿತ್ತು. ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಅವನಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಕ್ಕಯಮ್ಮ ಬಂದು ಪಕ್ಕದಲ್ಲಿ ಕೂತಾಗ ಅವನು ಅವಳ ಸೆರಗಿನ ತುದಿ ಹಿಡಿದುಕೊಂಡ. ಏನೋ ಹೇಳಿದ. ಧ್ವನಿ ಇರಲಿಲ್ಲ, ಉಸಿರು ಮಾತ್ರ. ಅವಳು ಬಾಗಿ, "ಏನೋ? ಏನಪ್ಪಾ?" ಅಂದಳು. ಅವನಿಗೆ ಅವಳ ಪ್ರಶ್ನೆ ಕೇಳಿಸಲಿಲ್ಲ, ಅವಳಿಗೆ ಅವನ ಮಾತು ಕೇಳಿಸಲಿಲ್ಲ. ಹಾಲಿನ ಲಾರಿ ಬಂದು ಹೋದ ಸ್ವಲ್ಪ ಹೊತ್ತಿಗೆ ಸೆರಗು ಹಿಡಿದ ಕೈ ಸಡಿಲಾಯಿತು. ಅವನಿಗೆ ಮೂವತ್ತೈದು ತುಂಬಿರಲಿಲ್ಲ.

ತಿಥಿ ಮುಗಿದ ವಾರ ಗಂಗಾಧರ್ ಎರ್ರಗುಂಟ್ಲಹಳ್ಳಿಗೆ ಬಂದ. ಅದು ಅವನ ತಾಲ್ಲೂಕಲ್ಲ, ಬರಬೇಕಾಗಿಯೂ ಇರಲಿಲ್ಲ. ಚಿಂತಾಮಣಿಯ ಟಿ.ಬಿ. ವಿಭಾಗದವನನ್ನು ಜತೆಗೆ ಕರೆದುಕೊಂಡು ಬಂದಿದ್ದ. ಮುನಿಲಕ್ಷ್ಮಿಯ ಕಫವನ್ನು ಮತ್ತೊಮ್ಮೆ ನೋಡಿದರು, ರೋಗ ಇರಲಿಲ್ಲ. ಯಾಮಿನಿಗೂ ಇರಲಿಲ್ಲ. ಮಗುವಿನ ಮೇಲೆ ಮಾತ್ರ ಕಣ್ಣಿಟ್ಟಿರಬೇಕು, ಜ್ವರ ಕೆಮ್ಮು ಏನೇ ಬಂದರೂ, ತೂಕ ಇಳಿದರೂ ತಡಮಾಡದೆ ಕರೆತನ್ನಿ ಎಂದರು. ಯಾಕೆ ಎಂದು ಅವರು ಒಂದೊಂದಾಗಿ ಹೇಳುತ್ತಿದ್ದರೆ ಮುನಿಲಕ್ಷ್ಮಿ ತಲೆಯಾಡಿಸುತ್ತ ಕೇಳಿದಳು. ಅಕ್ಕಯಮ್ಮ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳನ್ನು ಯಾರೂ ಕರೆಯಲಿಲ್ಲ.

ವರ್ಷ ಉರುಳಿತು. ವರ್ಷದ ಕಾರ್ಯಕ್ಕೆ ಸಾಮಾನು ತರಲು ಚಿಂತಾಮಣಿಗೆ ಹೋದಾಗ ಅತ್ತಿಗೆ ನಾದಿನಿ ಜತೆಗೇ ಹೋಗಬೇಕಾಯಿತು. ಮುನಿಲಕ್ಷ್ಮಿ ಬೇಕಾದಷ್ಟು ಮಾತ್ರ ಮಾತಾಡುತ್ತಿದ್ದಳು: ಬೆಲ್ಲ ಎಷ್ಟು, ಎಲೆ ಎಷ್ಟು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ, "ಅಕ್ಕಯಮ್ಮ!" ಎಂದು ಕೂಗಿದರು. ಗಂಗಾಧರ್, ಹೆಗಲಿಗೆ ಚೀಲ ಹಾಕಿಕೊಂಡು ಬೆಂಗಳೂರಿನ ಬಸ್ಸಿಗೆ ಓಡುತ್ತಿದ್ದವನು ನಿಂತ.

"ಆ ಔಷಧಿ ನಮ್ಮ ಕಡೆಗೂ ಬರುತ್ತಂತಮ್ಮ. ಬೆಂಗಳೂರಲ್ಲಿ ಟ್ರೈನಿಂಗ್ ಇಟ್ಟಿದಾರೆ, ಅದಕ್ಕೇ ಹೋಗ್ತಿದೀನಿ." ಹೇಳಿದ ಮೇಲೆ ಯಾಕೆ ಹೇಳಿದೆನೋ ಅನ್ನುವಂತೆ ಮುಖ ಸಪ್ಪೆ ಮಾಡಿಕೊಂಡ.

ತಮ್ಮ ಹೇಳಿದ್ದ ಸುಳ್ಳೂ ಬೆಂಗಳೂರಿನ ಟ್ರೈನಿಂಗೇ ಎಂದು ಅಕ್ಕಯಮ್ಮನಿಗೆ ನೆನಪಾಯಿತು. "ಒಳ್ಳೇದಾಯ್ತು ಸಾರ್. ಹೋಗಿ ಬನ್ನಿ, ಬಸ್ಸು ಹೊರಟೀತು," ಅಂದಳು.

ಅವನು ಹೋದ. ಗೌರಿಬಿದನೂರಿನಲ್ಲೋ ಬಾಗೇಪಲ್ಲಿಯಲ್ಲೋ ಈಗ ಬೆಂಚಿನ ಮೇಲೆ ಕೂತು ಕೆಮ್ಮುತ್ತಿರುವ ಯಾರಿಗೋ ಅದು ಸಿಗುತ್ತದೆ; ಸಿಗಲಿ, ಅಂದುಕೊಂಡಳು. ಅಂದುಕೊಂಡದ್ದು ನಿಜವಾಗಿಯೂ ಮನಸ್ಸಿನಿಂದ ಬಂದದ್ದೇ. ಆದರೂ ಅಲ್ಲೇ ಸಾಮಾನಿನ ಚೀಲದ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟಳು, ಸೆರಗನ್ನು ಬಾಯಿಗೆ ಒತ್ತಿಕೊಂಡು.

ಮುನಿಲಕ್ಷ್ಮಿ ಸ್ವಲ್ಪ ಹೊತ್ತು ನಿಂತೇ ಇದ್ದಳು. ಆಮೇಲೆ ತಾನೂ ಪಕ್ಕದಲ್ಲಿ ಕೂತಳು.

"ನೀವು ಹೇಳ್ಬೇಕಾಗಿತ್ತು ಅತ್ತಿಗೆ," ಅಂದಳು. ದನಿಯಲ್ಲಿ ಮುನಿಸಿರಲಿಲ್ಲ, ಬರೀ ಆಯಾಸ.

"ಹೌದಮ್ಮ. ಹೇಳ್ಬೇಕಾಗಿತ್ತು."

ಎರ್ರಗುಂಟ್ಲಹಳ್ಳಿಯ ಬಸ್ಸು ಬಂದು ನಿಂತು, ಜನ ಹತ್ತಿ, ಹೊರಟುಹೋಯಿತು. ಇಬ್ಬರೂ ಏಳಲಿಲ್ಲ. ಮುಂದಿನ ಬಸ್ಸಿಗೆ ಬಹಳ ಹೊತ್ತಿತ್ತು.